ನಾಯಿಯ ತುರಿಕೆ, ಐತಾರದ ಹಾಲು

ನಾನು ನಿಂತಿದ್ದು ಹೊಸ್ತಿಲಿನ ಒಳಗೆ. ಬಲಗೈ ಬಾಗಿಲ ಚೌಕಟ್ಟಿನ ಮೇಲಿತ್ತು. ಮನೆ ಕಂಪ್ಲಿಯ ಒಂದು ಅಕ್ಕಿ ಗಿರಣಿಯ ಹಿಂದೆ, ಕೆಲಸದವರಿಗೆಂದು ಕಟ್ಟಿದ ಸಾಲುಮನೆಗಳಲ್ಲಿ ಕೊನೆಯದು. ಎಂಬತ್ತರ ದಶಕದ ನಡುವಿನ ಒಂದು ವರ್ಷ. ಶಿವರಾತ್ರಿ ಕಳೆದಿತ್ತು, ಯುಗಾದಿ ಇನ್ನೂ ಬಂದಿರಲಿಲ್ಲ. ಭಾನುವಾರ ಬೆಳಿಗ್ಗೆ. ಗಿರಣಿಯ ಗೋಡೆಯ ನೆರಳು ಅಂಗಳದ ಮೇಲೆ ಇನ್ನೂ ಪೂರ್ತಿ ಇತ್ತು. ಅವ್ವ ನನ್ನಿಂದ ಒಂದು ಚಾಪೆಯಷ್ಟು ದೂರದಲ್ಲಿದ್ದಳು. ನಮ್ಮಿಬ್ಬರ ನಡುವೆ ಏನೂ ಅಡ್ಡ ಇರಲಿಲ್ಲ.

ಇಷ್ಟನ್ನು ಮೊದಲೇ ಹೇಳಲು ಕಾರಣವಿದೆ. ಆ ಬೆಳಿಗ್ಗೆ ಅವ್ವ ಮಾಡಿದ್ದನ್ನು ನೋಡದೇ ಇದ್ದವರು ಆಮೇಲೆ ಅದನ್ನು ನನಗೇ ತಿರುಗಿಸಿ ಹೇಳಿದ್ದಾರೆ. ಆಕೆಯ ಮೈಮೇಲೆ ದೇವರು ಬಂದಿತ್ತು ಎಂದಿದ್ದಾರೆ. ನಾಯಿಯ ಹಾಗೆ ಬೊಗಳಿದಳು ಎಂದಿದ್ದಾರೆ. ಗಂಡ ಸತ್ತ ಮೇಲೆ ತಲೆ ಸರಿ ಇರಲಿಲ್ಲ ಎಂದೂ ಒಬ್ಬರು ಅಂದರು. ಇದ್ಯಾವುದೂ ನಿಜವಲ್ಲ. ಅದು ಒಂದು ನಾಯಿಯ ಮೈ ತುರಿಕೆಯಿಂದ ಶುರುವಾದದ್ದು. ಅಲ್ಲಿಂದಲೇ ಹೇಳಬೇಕು.

ಅಪ್ಪ ಆ ಗಿರಣಿಯಲ್ಲಿ ಭತ್ತ ಬೇಯಿಸುವ ಕೆಲಸ ಮಾಡುತ್ತಿದ್ದ. ಅವನು ತೀರಿಕೊಂಡ ಮೇಲೆ ಗಿರಣಿಯ ಮ್ಯಾನೇಜರು ಅವ್ವನಿಗೆ ಕಣದ ಕೆಲಸ ಕೊಟ್ಟು ಮನೆಯನ್ನು ನಮಗೇ ಬಿಟ್ಟರು. ಬೆಂದ ಭತ್ತವನ್ನು ಸಿಮೆಂಟಿನ ಕಣದಲ್ಲಿ ಹರಡಿ, ಹೆಂಗಸರು ಅದರೊಳಗೆ ಪಾದ ಎಳೆಯುತ್ತಾ ಸಾಲು ಹೊಡೆದು ತಿರುವುತ್ತಾರೆ. ಅವ್ವ ದಿನವಿಡೀ ಹಾಗೆ ನಡೆಯುತ್ತಿದ್ದಳು. ನಾನು ಸಂಡೂರಿನ ಒಂದು ಅದಿರು ಗಣಿಯಲ್ಲಿ ಲಾರಿಗಳ ಓಡಾಟ ನೋಡಿಕೊಳ್ಳುವ ಕೆಲಸಕ್ಕಿದ್ದೆ. ಅಲ್ಲೇ ಒಂದು ಕೋಣೆ ಹಿಡಿದಿದ್ದೆ. ಶನಿವಾರ ಸಂಜೆ ಬಸ್ಸು ಹತ್ತಿ ಕಂಪ್ಲಿಗೆ ಬಂದರೆ ಭಾನುವಾರ ಪೂರ್ತಿ ಮನೆಯಲ್ಲಿರುತ್ತಿದ್ದೆ. ಮನೆಯಲ್ಲಿ ಅವ್ವನ ಜೊತೆ ನನ್ನ ತಂಗಿ ಇದ್ದಳು. ಮೆಟ್ರಿಕ್ ಮುಗಿಸಿ ಹೊಲಿಗೆ ಕಲಿಯುತ್ತಿದ್ದಳು.

ನಾಯಿ ಬಂದದ್ದು ಅಪ್ಪ ಹೋದ ಮಾರನೆಯ ವರ್ಷ. ಉಮಿಯ ಬೂದಿ ಸುರಿಯುವ ಗುಡ್ಡೆಯ ಬದಿಯಲ್ಲಿ, ಬೆಚ್ಚಗಿನ ಜಾಗ ಹುಡುಕಿ ಮಲಗಿದ್ದ ಕಂದು ಮರಿ. ಅವ್ವ ಅದನ್ನು ಸೆರಗಿನಲ್ಲಿ ಎತ್ತಿಕೊಂಡು ಬಂದಳು. ದೊಡ್ಡದಾದ ಮೇಲೆ ಅವಳು ಕಣದಲ್ಲಿ ಸಾಲು ಹೊಡೆಯುವಾಗ ಅದು ಕಣದ ಅಂಚಿನ ಕಟ್ಟೆಯ ಮೇಲೆ ಜೊತೆಗೇ ನಡೆಯುತ್ತಿತ್ತು. ಅವಳು ತಿರುಗಿದರೆ ಅದೂ ತಿರುಗುತ್ತಿತ್ತು. ಕಾಗೆ, ಗುಬ್ಬಿ ಇಳಿದರೆ ಓಡಿಸುತ್ತಿತ್ತು. ಆದ್ದರಿಂದ ಮ್ಯಾನೇಜರಿಗೂ ಮೊದಮೊದಲು ಅದರ ಮೇಲೆ ತಕರಾರಿರಲಿಲ್ಲ.

ಭಾನುವಾರ ಬೆಳಿಗ್ಗೆ ಅದಕ್ಕೆ ದೋಣಿ ಇಡುವುದಿತ್ತು. ನಮ್ಮದು ಮೈಲಾರಲಿಂಗನ ಒಕ್ಕಲು. ಆ ದೇವರ ಸೇವೆ ಮಾಡುವ ಗೊರವರು ಕರಿ ಕಂಬಳಿ ಹೊದ್ದು ಮನೆಗೆ ಬಂದಾಗ, ದೋಣಿ ಎಂದು ಕರೆಯುವ ಮರದ ಬಟ್ಟಲಿಗೆ ಹಾಲು, ಬಾಳೆಹಣ್ಣು, ಬೆಲ್ಲ ಹಾಕಿ ನೆಲದ ಮೇಲಿಡುತ್ತೇವೆ. ಅವರು ದೇವರ ನಾಯಿಗಳಾಗಿ ಮೊಣಕಾಲೂರಿ, ಕೈ ಮುಟ್ಟಿಸದೆ, ಬಾಯಿಂದಲೇ ಅದನ್ನು ಸ್ವೀಕರಿಸುತ್ತಾರೆ. ಸಣ್ಣವನಿದ್ದಾಗ ನನಗೆ ವಿಷಮಜ್ವರ ಬಂದು ಕಣ್ಣು ಮೇಲಾಗಿತ್ತಂತೆ. ಹುಡುಗ ಉಳಿದರೆ ತಾನಿರುವ ತನಕ ಪ್ರತಿ ಐತಾರ, ಎಂದರೆ ಭಾನುವಾರ, ದೋಣಿ ತುಂಬಿ ನಾಯಿಗೆ ಇಡುತ್ತೇನೆ ಎಂದು ಅವ್ವ ಆಗ ಬೇಡಿಕೊಂಡಳು. ನಾನು ಉಳಿದೆ. ಮೊದಲು ಓಣಿಯ ಯಾವುದೋ ನಾಯಿ ಬಂದು ಕುಡಿದು ಹೋಗುತ್ತಿತ್ತು. ಮನೆಯಲ್ಲೇ ನಾಯಿ ಬೆಳೆದ ಮೇಲೆ ಅದರ ಹಣೆಗೆ ಭಂಡಾರದ ಅರಿಶಿನ ಹಚ್ಚಿ, ಅದಕ್ಕೇ ಇಡತೊಡಗಿದಳು.

ತುರಿಕೆ ಶುರುವಾದದ್ದು ಅದಕ್ಕೆ ಎರಡು ವರ್ಷ ತುಂಬಿದ ಮೇಲೆ. ಮೊದಲು ಮುಂಗಾಲಿನ ಬೆರಳ ಸಂದುಗಳನ್ನು ನೆಕ್ಕುತ್ತಿತ್ತು. ನೆಕ್ಕಿ ನೆಕ್ಕಿ ಅಲ್ಲಿನ ಕೂದಲು ತುಕ್ಕಿನ ಬಣ್ಣಕ್ಕೆ ತಿರುಗಿತು. ಆಮೇಲೆ ಕಿವಿ. ಕಿವಿಯೊಳಗಿಂದ ಹುಳಿ ವಾಸನೆ ಬರುತ್ತಿತ್ತು, ತಲೆ ಕೊಡವಿ ಕೊಡವಿ ಕಿವಿಯ ಅಂಚು ಒಡೆದು ರಕ್ತ ಬಂತು. ಹೊಟ್ಟೆಯ ಕೆಳಗೆ, ಕಂಕುಳಲ್ಲಿ ಕೆಂಪು ದದ್ದು. ಕೆರೆದುಕೊಳ್ಳುವಾಗ ಹಿಂಗಾಲು ನಮ್ಮ ಅಂಗಳದ ತಗಡಿನ ಬಾಗಿಲಿಗೆ ಬಡಿದು ಸಾಲಿಗೆಲ್ಲ ಕೇಳುತ್ತಿತ್ತು. ಮಳೆಗಾಲ ಹೋಗಿ ಚಳಿಗಾಲ ಬಂದರೂ ಅದು ನಿಲ್ಲಲಿಲ್ಲ.

ಎಲ್ಲರೂ ಕಜ್ಜಿ ಅಂದರು. ಬೇವಿನ ಎಲೆ ಕುದಿಸಿದ ನೀರಿನಲ್ಲಿ ಮೈ ತೊಳೆದಾಯಿತು. ಹೊಂಗೆ ಎಣ್ಣೆ ಹಚ್ಚಿದಾಯಿತು. ಗಂಧಕವನ್ನು ಕೊಬ್ಬರಿ ಎಣ್ಣೆಯಲ್ಲಿ ಕಲಸಿ ಹಚ್ಚಿದಾಯಿತು. ಗಿರಣಿಯ ಲಾರಿ ಡ್ರೈವರ್ ಒಬ್ಬ, "ಸುಟ್ಟ ಆಯಿಲ್ ಬಳೀರಿ, ಕಜ್ಜಿ ಅಪ್ಪನೂ ಓಡ್ತಾನ," ಎಂದು ಅವ್ವ ಕೆಲಸದಲ್ಲಿದ್ದಾಗ ತಾನೇ ಬೆನ್ನಿಗೆ ಇಂಜಿನ್ನಿನ ಹಳೆ ಎಣ್ಣೆ ಬಳಿದ. ನಾಯಿ ಅದನ್ನು ನೆಕ್ಕಿ ಎರಡು ದಿನ ವಾಂತಿ ಮಾಡಿಕೊಂಡಿತು. ಬಳಿದ ಜಾಗದ ಚರ್ಮ ಸುಲಿದು ಹಸಿಯಾಯಿತು.

ಆಗ ಮ್ಯಾನೇಜರು ಮನೆಯ ಹತ್ತಿರ ಬಂದರು. ಕೆಟ್ಟ ಮನುಷ್ಯರಲ್ಲ. ಬಾಯಿ ಮಾತ್ರ ಸಡಿಲ.

"ಯಕ್ಕಾ, ನಿನ್ನ ನಾಯಿ ನೋಡಿದ್ರ ನನಗ ಕೆರತ ಬರತೈತಿ ನೋಡು," ಅಂದರು. "ಅಕ್ಕಿ ಕೊಳ್ಳಾಕ ಬಂದಾವರು ಕಣದಾಗ ಅದರ ಕೂದಲ ನೋಡಿ ಮೂಗು ಮುಚ್ಚಿಗೊಂಡು ಹೋದ್ರು. ಬೇಸಿಗಿ ಭತ್ತ ಬರೋದ್ರಾಗ ಒಂದು ದಾರಿ ಮಾಡು. ಇಲ್ಲಂದ್ರ ಲಾರ್‍ಯಾಗ ಹಾಕಿ ಹೊಳಿ ಆಚಿ ಬಿಟ್ಟು ಬರಾಕ ಹೇಳ್ತೀನಿ."

"ಹೊಳಿ ಆಚಿ ನಾಯಿ ಇದನ್ನ ಹರದು ತಿಂತಾವ್ರಿ," ಅಂದಳು ಅವ್ವ.

"ಇದನ್ನ ತಿನ್ನಾಕ ಅವುಕೂ ಹೇಸಿಗಿ ಬರತೈತಿ ಬಿಡು."

ಅವ್ವ ನಗಲಿಲ್ಲ. ಯುಗಾದಿ ಕಳೆದು ಸ್ವಲ್ಪ ದಿನಕ್ಕೆ ಬೇಸಿಗೆ ಬೆಳೆಯ ಭತ್ತ ಕಣಕ್ಕೆ ಬರುತ್ತದೆ. ಅಷ್ಟರೊಳಗೆ ನಾಯಿಯ ಮೈ ಸರಿಹೋಗಬೇಕು, ಇಲ್ಲವಾದರೆ ಅದು ಹೊಳೆ ದಾಟಬೇಕು. ಮೈಯೆಲ್ಲ ಹುಣ್ಣಾದ ನಾಯಿಯನ್ನು ಪರ ಊರಿನ ನಾಯಿಗಳ ನಡುವೆ ಬಿಟ್ಟರೆ ಏನಾಗುತ್ತದೆ ಎಂಬುದು ನಮಗೆಲ್ಲ ಗೊತ್ತಿತ್ತು.

ಮ್ಯಾನೇಜರು ಮಾತು ಹಾಗಾಡಿದರೂ ಹೊಸಪೇಟೆಗೆ ಹೋಗುವ ಗಿರಣಿ ಲಾರಿಯಲ್ಲಿ ನಮಗೆ ಜಾಗ ಕೊಟ್ಟರು. ನಾನೂ ಒಂದು ದಿನ ರಜೆ ಹಾಕಿದ್ದೆ; ಖಾಲಿ ಚೀಲಗಳ ಮೇಲೆ ನಾಯಿಯನ್ನು ಹಿಡಿದುಕೊಂಡು ಕೂತು ನಾವು ಮೂವರೂ ಹೋದೆವು. ಅಲ್ಲಿ ದನದ ಆಸ್ಪತ್ರೆಯ ಡಾಕ್ಟರು ಎಮ್ಮೆ, ಎತ್ತುಗಳನ್ನು ನೋಡಿ ಮುಗಿಸಿ ಕೊನೆಗೆ ನಮ್ಮನ್ನು ಕರೆದರು. ಮೈಸೂರಿನ ಕಡೆಯವರು, ನಿಧಾನ ಮಾತು. ತುರಿಕೆಯೆಂದರೆ ಕಜ್ಜಿಯೇ ಆಗಬೇಕಿಲ್ಲ ಅಂದರು. ಬ್ಲೇಡಿನ ಮೊಂಡು ಬದಿಯಿಂದ ಚರ್ಮ ಕೆರೆದು ಗಾಜಿನ ಮೇಲಿಟ್ಟು ನೋಡಿದರು. ಕಜ್ಜಿಯ ಹುಳ ಕಾಣಲಿಲ್ಲ. ಕೂದಲು ಬಿಡಿಸಿ ಚಿಗಟ, ಉಣ್ಣೆ ಹುಡುಕಿದರು. ಕೆಲವು ಸಿಕ್ಕವು, ಅದಕ್ಕೊಂದು ಪುಡಿ ಕೊಟ್ಟರು. ಎಲ್ಲಿ ಮಲಗುತ್ತದೆ ಎಂದು ಕೇಳಿದರು. ತೌಡಿನ ಚೀಲದ ಮೇಲೆ ಅಂದೆವು. ಆ ಧೂಳೇ ಇರಬಹುದು, ಜಾಗ ಬದಲಿಸಿ ಅಂದರು. ಕಿವಿಗೆ ಹನಿ ಕೊಟ್ಟರು. ಸುಟ್ಟ ಎಣ್ಣೆಯ ಗಾಯ ನೋಡಿ ಮಾತ್ರ ದನಿ ಏರಿಸಿದರು. "ಇದು ವಿಷ. ಇನ್ನೊಂದು ಸಲ ಯಾರಾದರೂ ಹಚ್ಚಿದರೆ ಅವರಿಗೇ ಬಳಿಯಿರಿ," ಅಂದರು.

ಹೇಳಿದ್ದನ್ನೆಲ್ಲ ಮಾಡಿದೆವು. ಚಿಗಟ ಹೋದವು. ಚೀಲ ತೆಗೆದು, ತೊಳೆದ ಹಳೆ ಸೀರೆ ಹಾಸಿದೆವು. ಕಿವಿಯ ವಾಸನೆ ತಗ್ಗಿತು. ಆದರೆ ಕೆರೆತ ನಿಲ್ಲಲಿಲ್ಲ. ಸಂಕ್ರಾಂತಿಯ ಹೊತ್ತಿಗೆ ಮತ್ತೆ ಹೋದೆವು. ಆಗ ಡಾಕ್ಟರು ಊಟದ ಮಾತೆತ್ತಿದರು.

"ಕೆಲವು ನಾಯಿಗಳಿಗೆ ತಿನ್ನೋದೇ ಒಗ್ಗಲ್ಲ. ದಿನಾ ತಿಂದು ರೂಢಿಯಾದದ್ದೇ ಒಂದು ದಿನ ಒಗ್ಗದೆ ಹೋಗಬಹುದು," ಅಂದರು. "ಇದೂ ಹಾಗೇ ಅಂತ ನಾನು ಖಾತ್ರಿ ಹೇಳಲ್ಲ. ಪರೀಕ್ಷೆ ಮಾಡಿ ತಿಳಿಯೋದಲ್ಲ ಇದು. ಬಿಡಿಸಿ ನೋಡಬೇಕು, ಅಷ್ಟೇ. ಏನೇನು ಹಾಕ್ತೀರಿ?"

ಅವ್ವ ನೆಟ್ಟಗೆ ನಿಂತು ಹೇಳಿದಳು: ಅನ್ನ, ಮಜ್ಜಿಗೆ, ಉಳಿದ ಚಪಾತಿ, ಜೋಳದ ರೊಟ್ಟಿ, ಕೋಳಿ ಮಾಡಿದ ದಿನ ಅದರ ಎಲುಬು, ಒಮ್ಮೊಮ್ಮೆ ಮೊಟ್ಟೆ.

"ಎಲ್ಲಾ ಬಿಡಿಸಿ. ಇದು ಹುಟ್ಟಿದಾಗಿನಿಂದ ತಿನ್ನದೇ ಇರೋ ಒಂದು ಕಾಳು, ತಿನ್ನದೇ ಇರೋ ಒಂದು ಮಾಂಸ. ಎರಡೇ. ಉಪ್ಪು, ಖಾರ, ಎಣ್ಣೆ ಏನೂ ಬೇಡ. ಎರಡು ತಿಂಗಳಾದರೂ ಬೇರೆ ಒಂದು ಚೂರೂ ಬಾಯಿಗೆ ಹೋಗಬಾರದು."

ತಿನ್ನದೇ ಇರುವ ಕಾಳು ಯಾವುದೆಂದು ಲಾರಿಯಲ್ಲಿ ಯೋಚಿಸುತ್ತಾ ಬಂದೆವು. ಕಾಲುವೆ ನೀರು ಬಂದ ಮೇಲೆ ಕಂಪ್ಲಿಯ ಸುತ್ತ ಭತ್ತ ಮತ್ತು ಕಬ್ಬು ಬಿಟ್ಟರೆ ಬೇರೆ ಬೆಳೆಯೇ ಅಪರೂಪವಾಗಿತ್ತು. ನವಣೆಯನ್ನು ಅಜ್ಜಿ ಬೇಯಿಸುತ್ತಿದ್ದದ್ದು ಅವ್ವನಿಗೆ ನೆನಪಿತ್ತು. ಗಿರಣಿಯ ಸಾಲಿನಲ್ಲಿ ಅದನ್ನು ಯಾರೂ ತರುತ್ತಿರಲಿಲ್ಲ. ಸಂಡೂರಿನ ಗುಡ್ಡದಾಚೆಯ, ಮಳೆ ನಂಬಿದ ಬೆದ್ದಲು ಹೊಲಗಳಲ್ಲಿ ಇನ್ನೂ ಬೆಳೆಯುತ್ತಿದ್ದರು. ಸಂತೆಯಿಂದ ನಾನು ತರುವುದೆಂದಾಯಿತು. ಮಾಂಸಕ್ಕೆ ಹೊಳೆ ಮೀನು. ನಮ್ಮ ಮನೆಯಲ್ಲಿ ಕುರಿ, ಕೋಳಿ ತಿನ್ನುತ್ತೇವೆ, ಮೀನು ಒಲೆಗೆ ಏರಿಸುವುದಿಲ್ಲ. ಪಕ್ಕದ ಮನೆಯ ಹೆಂಗಸು, ಅವ್ವನ ಜೊತೆ ಕಣದಲ್ಲಿ ಸಾಲು ಹೊಡೆಯುತ್ತಿದ್ದವಳು, ತಾನು ಬೇಯಿಸಿ ಕೊಡುತ್ತೇನೆಂದಳು. ದಿನಾ ಬೆಳಿಗ್ಗೆ ಮುಳ್ಳು ಆರಿಸಿದ ಮೀನನ್ನು ಅಲ್ಯುಮಿನಿಯಂ ಬೋಗುಣಿಯಲ್ಲಿ ತರುತ್ತಿದ್ದಳು.

"ನನ್ನ ಗಂಡಗ ಇಷ್ಟು ಮುಳ್ಳು ಆರಿಸಿ ಹಾಕಿಲ್ಲ ನಾನು," ಎನ್ನುತ್ತಿದ್ದಳು. "ಬಾರಲೇ ಜಮೀನ್ದಾರ, ಉಣ್ಣು."

ಕಷ್ಟವಾದದ್ದು ಓಣಿ. ನಮ್ಮ ಸಾಲಿನಲ್ಲಿ ಮಧ್ಯಾಹ್ನದ ರೊಟ್ಟಿ ಮುಗಿದ ಮೇಲೆ ಕೊನೆಯ ತುಂಡು ಬಾಗಿಲಲ್ಲಿ ನಿಂತ ನಾಯಿಗೆ ಹೋಗುತ್ತದೆ. ಅದನ್ನು ತಪ್ಪಿಸಲು ಅವ್ವ ಮನೆ ಮನೆಯ ಬಾಗಿಲಿಗೆ ಹೋಗಿ ಕೈಮುಗಿದಳು. ಒಬ್ಬಳು, "ಬಾಣಂತಿಗೂ ಇಷ್ಟು ಪಥ್ಯ ಇರಲ್ಲ ಬಿಡಬೇ," ಅಂದಳು. ಇನ್ನೊಬ್ಬಳು, "ನಮ್ಮ ರೊಟ್ಟಿಯಾಗ ಏನು ಇಸ ಐತೇನು?" ಎಂದು ಮುಖ ತಿರುಗಿಸಿದಳು. ಅವ್ವ ಅದಕ್ಕೂ ಕೈಮುಗಿದಳು. ನಾಯಿಯನ್ನು ಅಂಗಳದಲ್ಲಿ ಹಗ್ಗ ಹಾಕಿ ಕಟ್ಟಿದಳು. ಕಣಕ್ಕೆ ಅವಳು ಒಬ್ಬಳೇ ಹೋಗತೊಡಗಿದಳು. ನಾಯಿ ಹಗ್ಗದ ತುದಿಯವರೆಗೆ ಬಂದು ಅವಳ ಸಾಲಿನ ಕಡೆ ನೋಡುತ್ತಾ ನಿಂತಿರುತ್ತಿತ್ತು.

ನಾನು ಶನಿವಾರ ಬಂದಾಗ ನೋಡಿದರೆ ವಾಸಿ ಎನ್ನಿಸುತ್ತಿತ್ತು. ಹೊಟ್ಟೆಯ ಕೆಂಪು ತಗ್ಗಿರುತ್ತಿತ್ತು, ಕಂಕುಳ ಒಣಗಿರುತ್ತಿತ್ತು. ನಾನು ಸಮಾಧಾನದಿಂದ ಸಂಡೂರಿಗೆ ಹೋಗುತ್ತಿದ್ದೆ. ಮುಂದಿನ ಶನಿವಾರ ಬಂದರೆ, ಈ ವಾರ ಮತ್ತೆ ಹೆಚ್ಚಾಗಿತ್ತು ಎಂದು ತಂಗಿ ಹೇಳುತ್ತಿದ್ದಳು. ಹೀಗೇ ವಾರಗಳು ಹೋದವು. ಶಿವರಾತ್ರಿಯೂ ಹೋಯಿತು. ಮ್ಯಾನೇಜರು ಒಮ್ಮೆ ಬಂದು ನೋಡಿ ಏನೂ ಅನ್ನದೆ ಹೊರಟರು. ಆ ಸಲ ಅವರು ತಮಾಷೆ ಮಾಡಲಿಲ್ಲ. ಅದು ಅವ್ವನಿಗೆ ಹೆಚ್ಚು ಹೆದರಿಕೆ ತಂದಿತು.

ಮೂರನೆಯ ಸಲ ಡಾಕ್ಟರ ಹತ್ತಿರ ಹೋದೆವು. ಅವರು ಬೆರಳ ಸಂದು, ಕಿವಿ, ಹೊಟ್ಟೆ ನೋಡಿದರು.

"ಇಷ್ಟರಲ್ಲಿ ಒಂದೋ ಪೂರ್ತಿ ತಗ್ಗಬೇಕಿತ್ತು, ಇಲ್ಲಾ ಏನೂ ಬದಲಾಗಬಾರದಿತ್ತು. ಇದು ನಡುವೆ ನಿಂತಿದೆ. ಏನೋ ಬೇರೆ ಹೊಟ್ಟೆಗೆ ಹೋಗ್ತಿದೆ."

"ಇಲ್ರಿ ಸಾಯೇಬ್ರ. ಮೀನು, ನವಣಿ. ಅಷ್ಟಾ."

"ಯೋಚನೆ ಮಾಡಿ ಹೇಳಮ್ಮ."

ಅವ್ವ ನನ್ನ ತಲೆಯ ಮೇಲೆ ಕೈ ಇಟ್ಟಳು. ಅವಳಿಗೆ ಎಟುಕುವಂತೆ ನಾನು ತಲೆ ತಗ್ಗಿಸಿದ್ದು ನೆನಪಿದೆ. "ನನ್ನ ಮಗನ ಆಣಿ ಐತ್ರಿ. ಬ್ಯಾರೆ ಒಂದು ಅಗಳೂ ತಿನ್ನಿಸಿಲ್ಲ."

ಸುಳ್ಳು ಹೇಳಲಿಲ್ಲ ಆಕೆ. ನಾನೂ ತಂಗಿಯೂ ಅಲ್ಲೇ ಇದ್ದೆವು, ಕೇಳಿದ್ದರೆ ನಾವೂ ಅದನ್ನೇ ಹೇಳುತ್ತಿದ್ದೆವು. ಭಾನುವಾರದ ದೋಣಿಯನ್ನು ನಾವು ಮೂವರೂ ಪ್ರತಿ ವಾರ ಕಣ್ಣಾರೆ ನೋಡುತ್ತಿದ್ದೆವು. ಆದರೆ ಅದು ನಾಯಿಗೆ ಹಾಕುವ ಊಟವಾಗಿರಲಿಲ್ಲ, ದೇವರಿಗೆ ಸಲ್ಲಿಸುವುದಾಗಿತ್ತು. ಭಂಡಾರ ಹಚ್ಚಿಸಿಕೊಂಡ ನಾಯಿ ಅಷ್ಟು ಹೊತ್ತು ನಮ್ಮ ನಾಯಿಯೂ ಅಲ್ಲ. ಏನು ತಿನ್ನಿಸುತ್ತೀರಿ ಎಂಬ ಪ್ರಶ್ನೆಗೆ ಆ ಹಾಲು ಉತ್ತರವಾಗಿ ನಮ್ಮ ತಲೆಗೆ ಬರುವುದು ಸಾಧ್ಯವೇ ಇರಲಿಲ್ಲ. ಗುಡಿಯಲ್ಲಿ ತೆಗೆದುಕೊಂಡ ತೀರ್ಥವನ್ನು ಯಾರೂ ಕುಡಿದ ನೀರಿನ ಲೆಕ್ಕಕ್ಕೆ ಸೇರಿಸುವುದಿಲ್ಲ, ಹಾಗೆ.

ಹಿಂದಿರುಗುವಾಗ ಲಾರಿ ಕಮಲಾಪುರದ ಕೆರೆಯ ಹತ್ತಿರ ನಿಂತಿತು. ಡ್ರೈವರು ಇಂಜಿನ್ನಿಗೆ ನೀರು ತರಲು ಇಳಿದ. ನಾಯಿ ತಂಗಿಯ ಕಾಲ ಮೇಲೆ ತಲೆ ಇಟ್ಟಿತ್ತು. ಅವಳು ಅದರ ಕಿವಿಯ ಹಿಂದೆ ಸವರುತ್ತಾ ಕೂತಿದ್ದಳು.

"ಅಣ್ಣಾ, ನೀ ಬರೋದು ಶನಿವಾರ. ಅವತ್ತು ಚೊಲೋ ಇರತೈತಿ," ಅಂದಳು. "ಸ್ವಾಮಾರ ನೋಡಬೇಕು ನೀನು. ಸ್ವಾಮಾರ, ಮಂಗಳವಾರ ಹುಚ್ಚು ಹಿಡದಂಗ ಕೆರಕೊಂತೈತಿ. ಆಮ್ಯಾಲ ಇಳಕೋಂತ ಬರತೈತಿ. ಮತ್ತ ಸ್ವಾಮಾರ."

"ಸ್ವಾಮಾರ ಏನು ಬರತೈತಿ ಅದಕ್ಕ?" ಎಂದೆ.

ಅವ್ವ ಆವರೆಗೆ ಕೆರೆಯ ಕಡೆ ನೋಡುತ್ತಿದ್ದವಳು ನಮ್ಮ ಕಡೆ ತಿರುಗಿದಳು. ಆಮೇಲೆ ತನ್ನ ಕೈ ನೋಡಿಕೊಂಡಳು, ನನ್ನ ತಲೆಯ ಮೇಲೆ ಇಟ್ಟಿದ್ದ ಕೈ. ಲಾರಿ ಕಂಪ್ಲಿ ಮುಟ್ಟಿತು. ಮನೆಯೊಳಗೆ ಹೋಗಿ ನೀರು ಕುಡಿದ ಮೇಲೆ, "ಐತಾರದ ಹಾಲು," ಅಂದಳು. ಅಷ್ಟೇ ಅಂದದ್ದು.

ಹಾಲು ನಿಲ್ಲಿಸಿಬಿಡೋಣ ಎಂದು ನಾನು ಹೇಳಿದೆ. ನನಗೆ ಅದು ಸುಲಭವಾಗಿ ಕಂಡಿತು. ಅವ್ವ ನನ್ನ ಕಡೆ ತಿರುಗಿದಳು.

"ನಿನ್ನ ಸಲುವಾಗಿ ಬೇಡಿಕೊಂಡದ್ದದು. ನೀ ದಿನಾ ಆ ಲಾರಿ ನಡುವ ಅಡ್ಡಾಡ್ತಿ. ಗುಡ್ಡ ಸಿಡಸ್ತಾರ ಅಲ್ಲಿ. ನಾ ಹೆಂಗ ನಿಲ್ಲಸಲಿ?"

"ಮತ್ತ ನಾಯಿ?" ಎಂದಳು ತಂಗಿ.

"ಅದನ್ನೂ ಹೊಳಿ ಆಚಿ ಕಳಸಾಂಗಿಲ್ಲ."

ನಾನು ಕುಡೀತೀನಿ ಎಂದೆ. "ನಿನ್ನ ಜೀವಕ್ಕ ಅಂತ ಕೊಡೋದು ನೀನ ಕುಡದ್ರ ಅದು ಕೊಟ್ಟಂಗ ಆಕ್ಕೈತೇನಲೇ?" ಅಂದಳು. ಹಾಲನ್ನು ಗಿಡದ ಬುಡಕ್ಕೆ ಸುರಿಯುವಂತಿಲ್ಲ; ದೋಣಿಯಲ್ಲಿದ್ದದ್ದು ನೆಲದ ಮೇಲೆ ಬಾಯಿಂದಲೇ ಮುಗಿಯಬೇಕು. ಮುಂದಿನ ಭಾನುವಾರ ಅವಳು ಓಣಿಯ ಬೇರೆ ನಾಯಿಯನ್ನು ಕರೆದು ದೋಣಿ ಇಟ್ಟಳು. ನಮ್ಮ ನಾಯಿ ತನ್ನ ದೋಣಿಗೆ ಬೇರೊಂದು ಬಾಯಿ ಹಾಕಿದ್ದನ್ನು ಕಂಡು ಹಗ್ಗ ಹರಿದುಕೊಂಡು ಬಂತು. ಎರಡೂ ಕಚ್ಚಾಡಿದವು. ಬಿಡಿಸಿದಾಗ ನಮ್ಮದರ ಕಿವಿ ಮತ್ತೆ ಹರಿದಿತ್ತು, ಹಾಲೂ ಅದರ ಹೊಟ್ಟೆ ಸೇರಿತ್ತು. ಸೋಮವಾರ ಎಂದಿನಂತೆ ತಗಡಿನ ಬಾಗಿಲು ಬಡಿಯಿತು ಎಂದು ತಂಗಿ ಆಮೇಲೆ ಹೇಳಿದಳು. ಆ ಕಚ್ಚಾಟದ ಮೇಲೆ, ನಮ್ಮ ನಾಯಿ ಇರುವ ತನಕ ಓಣಿಯ ಬೇರೆ ನಾಯಿಗಳು ಆ ಅಂಗಳಕ್ಕೆ ಕಾಲಿಡಲಿಲ್ಲ.

ಅದರ ಮುಂದಿನ ಭಾನುವಾರವೇ ನಾನು ಮೊದಲು ಹೇಳಿದ ಭಾನುವಾರ.

ಅವ್ವ ಬೇಗ ಎದ್ದು ಮೈ ತೊಳೆದು ಮಡಿ ಸೀರೆ ಉಟ್ಟಿದ್ದಳು. ಅಂಗಳ ಸಾರಿಸಿದ್ದಳು. ನಾಯಿಗೆ ಹೊಸ ಹಗ್ಗ ಹಾಕಿ ನೀರಿನ ತೊಟ್ಟಿಯ ಪಕ್ಕದ ಗೂಟಕ್ಕೆ ಕಟ್ಟಿದ್ದಳು. ಅದರ ಹಣೆಗೆ ಭಂಡಾರ ಹಚ್ಚಿದಳು. ನವಣೆ ಮತ್ತು ಮೀನನ್ನು ಅದರ ಮುಂದಿಟ್ಟಳು. ನಾಯಿ ಅದನ್ನು ಮೂಸಿ ನೋಡಿ, ತಲೆ ಎತ್ತಿ ದೋಣಿಯ ಕಡೆ ನೋಡಿತು.

ದೋಣಿ ಅಂಗಳದ ನಡುವೆ ಇತ್ತು. ಅವ್ವ ಅದಕ್ಕೆ ಹಾಲು ಸುರಿದಳು, ಬಾಳೆಹಣ್ಣು ಸುಲಿದು ಕಿವುಚಿದಳು, ಬೆಲ್ಲದ ಪುಡಿ ಹಾಕಿದಳು. ತನ್ನ ಹಣೆಗೂ ಭಂಡಾರ ಹಚ್ಚಿಕೊಂಡಳು. ಸೆರಗನ್ನು ಸೊಂಟಕ್ಕೆ ಬಿಗಿದಳು. ಆಮೇಲೆ ಮೊಣಕಾಲೂರಿದಳು. ಎರಡೂ ಅಂಗೈ ನೆಲಕ್ಕೆ ಇಟ್ಟಳು. ಮುಖ ದೋಣಿಗೆ ಇಳಿಸಿ ಕುಡಿಯತೊಡಗಿದಳು.

ಗೊರವರು ಹಾಗೆ ಮಾಡುವುದನ್ನು ನಾನು ಎಷ್ಟೋ ಸಲ ನೋಡಿದ್ದೆ. ಅವರು ದೀಕ್ಷೆ ಪಡೆದವರು, ಮೈ ಬಗ್ಗಿಸಿ ರೂಢಿಯಾದವರು. ಅವ್ವ ಕಣದಲ್ಲಿ ನಡೆದು ನಡೆದು ಮೊಣಕಾಲು ಕೆಟ್ಟ ಹೆಂಗಸು. ಮೊದಲ ಗುಟುಕು ಮೂಗಿಗೆ ಹೋಗಿ ಕೆಮ್ಮಿದಳು. ಮತ್ತೆ ಮುಖ ಇಳಿಸಿದಳು. ಬೊಗಳಲಿಲ್ಲ. ಯಾವ ಕೂಗೂ ಹಾಕಲಿಲ್ಲ. ಹಾಲು ಹೀರುವ ಸಣ್ಣ ಸದ್ದು, ನಡುನಡುವೆ ಉಸಿರು ತೆಗೆದುಕೊಳ್ಳುವ ಸದ್ದು, ಇವಷ್ಟೇ ಕೇಳಿದವು. ಗಿರಣಿ ಅವತ್ತು ನಿಂತಿತ್ತು. ನಾಯಿ ಹಗ್ಗ ಜಗ್ಗಿ ಒಮ್ಮೆ ಕುಂಯ್‌ಗುಟ್ಟಿತು, ಆಮೇಲೆ ಸುಮ್ಮನೆ ನೋಡುತ್ತಾ ಕೂತಿತು.

ನಾನು ಕದಲಲಿಲ್ಲ. ಓಡಿ ಹೋಗಿ ಎಬ್ಬಿಸಬೇಕು ಅನ್ನಿಸಿತು, ಎಬ್ಬಿಸಿದರೆ ಎಲ್ಲವೂ ಹಾಳಾಗುತ್ತದೆ ಎಂದೂ ಅನ್ನಿಸಿತು. ತಂಗಿ ತೊಟ್ಟಿಯ ಹತ್ತಿರ ತುಂಬಿದ ಕೊಡ ಸೊಂಟದ ಮೇಲಿಟ್ಟುಕೊಂಡು ನಿಂತಿದ್ದಳು. ಇಳಿಸಲೂ ಇಲ್ಲ, ನಡೆಯಲೂ ಇಲ್ಲ. ಪಕ್ಕದ ಮನೆಯವಳು ಮೀನಿನ ಖಾಲಿ ಬೋಗುಣಿ ಒಯ್ಯಲು ಬಂದವಳು ಅಂಗಳದ ಮೂಲೆಯಲ್ಲಿ ನಿಂತಳು. ಸದಾ ಏನಾದರೊಂದು ಅನ್ನುವ ಹೆಂಗಸು. ಅವತ್ತು ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು.

ದೋಣಿಯ ತಳ ಕಾಣುವ ತನಕ ಅವ್ವ ತಲೆ ಎತ್ತಲಿಲ್ಲ. ಎತ್ತಿದಾಗ ಗದ್ದ, ಮೂಗಿನ ತುದಿ, ಹಣೆಯ ಮುಂದಿನ ಕೂದಲು ಹಾಲಾಗಿದ್ದವು. ಏಳಲು ಆಗಲಿಲ್ಲ. ಪಕ್ಕದ ಮನೆಯವಳು ಹೋಗಿ ರಟ್ಟೆ ಹಿಡಿದು ಎಬ್ಬಿಸಿದಳು.

"ಮುಖ ತೊಳಕೊ ನಡಿ," ಅಂದಳು, ಮೆತ್ತಗೆ.

ಅವ್ವ ಮುಖ ತೊಳೆದಳು. ದೋಣಿ ತೊಳೆದು ಗೋಡೆಯ ಮಾಡದಲ್ಲಿ ಇಟ್ಟಳು. ನಾಯಿ ಆಗ ನವಣೆಗೆ ಬಾಯಿ ಹಾಕಿತು. "ಉಂಡಿ ಏನಪಾ, ಉಣ್ಣು," ಎಂದು ಅದರ ಬೆನ್ನಿನ ಬೋಳು ಜಾಗದ ಮೇಲೆ ಕೈ ಇಟ್ಟಳು.

ನಾನು ಮಾರನೆಯ ದಿನ ಸಂಡೂರಿಗೆ ಹೋಗಲಿಲ್ಲ. ಸೋಮವಾರ ಅಂಗಳದಲ್ಲೇ ಕೂತಿದ್ದೆ. ನಾಯಿ ಕೆರೆದುಕೊಂಡಿತು, ಆದರೆ ಹಿಂದಿನ ದಿನಕ್ಕಿಂತ ಹೆಚ್ಚಾಗಲಿಲ್ಲ. ಬಾಗಿಲು ಬಡಿಯುವಷ್ಟಂತೂ ಅಲ್ಲ. ಒಂದು ದಿನದಲ್ಲಿ ಏನೂ ತಿಳಿಯುವುದಿಲ್ಲ. ಮುಂದಿನ ವಾರ, ಅದರ ಮುಂದಿನ ವಾರ ಹೊಟ್ಟೆಯ ಕೆಂಪು ಇಳಿಯುತ್ತಲೇ ಹೋಯಿತು, ಸೋಮವಾರ ಏರಲಿಲ್ಲ. ಯುಗಾದಿಯ ಹೊತ್ತಿಗೆ ಬೆನ್ನಿನ ಮೇಲೆ ಮಂಕಾದ, ಮೆತ್ತನೆಯ ಕೂದಲು ಬಂದಿತ್ತು. ಕಾಲ ಬೆರಳು ನೆಕ್ಕುವುದು ಮಾತ್ರ ಪೂರ್ತಿ ಬಿಡಲಿಲ್ಲ. ಕಿವಿ ಎಲ್ಲಕ್ಕಿಂತ ತಡವಾಗಿ ವಾಸಿಯಾಯಿತು.

ಭತ್ತದ ಮೊದಲ ಲಾರಿ ಬಂದ ದಿನ ಮ್ಯಾನೇಜರು ಅಂಗಳಕ್ಕೆ ಬಂದು ನಾಯಿಯನ್ನು ಸುತ್ತಿ ನೋಡಿದರು. ಅದು ಬಾಲ ಅಲ್ಲಾಡಿಸಿತು.

"ಏನು ಹಾಕಿದ್ಯಬೇ?" ಎಂದು ಕೇಳಿದರು.

"ಏನೂ ಹಾಕಿಲ್ರಿ. ಬಿಡಿಸೀನಿ."

"ಕಣದೊಳಗ ಕಾಲಿಡಬಾರದು ನೋಡು," ಎಂದು ಹೊರಟವರು ತಿರುಗಿ, "ಕಟ್ಟಿ ಮ್ಯಾಲ ಇದ್ರ ಇರಲಿ," ಅಂದರು. ನಾಯಿ ಮತ್ತೆ ಕಟ್ಟೆಯ ಮೇಲೆ ಅವ್ವನ ಸಾಲಿಗೆ ಸರಿಯಾಗಿ ನಡೆಯತೊಡಗಿತು.

ಹಾಲೇ ಕಾರಣವೆಂದು ನಮಗೆ ಖಾತ್ರಿಯಾದದ್ದು ಆ ಮಳೆಗಾಲದಲ್ಲಿ. ಅಷ್ಟರಲ್ಲಿ ಡಾಕ್ಟರು ಹೇಳಿದಂತೆ ಒಂದೊಂದಾಗಿ ಅನ್ನ, ರೊಟ್ಟಿ, ಕೋಳಿ ಮತ್ತೆ ಹಾಕಿ ನೋಡಿದ್ದೆವು, ಏನೂ ಆಗಿರಲಿಲ್ಲ. ಒಂದು ದಿನ ಹಾಲಿನವನ ಸೈಕಲ್ಲು ಕೆಸರಿನಲ್ಲಿ ಜಾರಿ ಕ್ಯಾನು ಉರುಳಿತು. ನಾಯಿ ಓಡಿ ಹೋಗಿ ನೆಕ್ಕಿತು. ಮಾರನೆಯ ದಿನ ಬೆಳಿಗ್ಗೆಯೇ ತಗಡಿನ ಬಾಗಿಲು ಬಡಿಯಿತು, ವಾರವಿಡೀ ಬಡಿಯಿತು. ಡಾಕ್ಟರಿಗೆ ಹೇಳಿದಾಗ ತಲೆಯಾಡಿಸಿದರು. ಹಾಲು ಹೇಗೆ ಹೋಗುತ್ತಿತ್ತು ಎಂದು ಅವರು ಕೇಳಲಿಲ್ಲ. ನಾವೂ ಹೇಳಲಿಲ್ಲ.

ನಾಯಿ ಮುದಿಯಾಗಿ ಸಾಯುವ ತನಕ ಅವ್ವ ಪ್ರತಿ ಭಾನುವಾರ ದೋಣಿ ತುಂಬಿದಳು, ತಾನೇ ಮುಗಿಸಿದಳು. ಆಮೇಲಿನ ಭಾನುವಾರಗಳಲ್ಲಿ ಅಂಗಳದ ಬಾಗಿಲು ಹಾಕಿಕೊಳ್ಳುತ್ತಿದ್ದಳು. ನಾವು ಆ ಹೊತ್ತಿಗೆ ಹೊರಗೆ ಹೋಗುತ್ತಿದ್ದೆವು. ನಾಯಿ ಸತ್ತ ಮೇಲೆ ಮತ್ತೆ ಓಣಿಯ ನಾಯಿಗಳನ್ನು ಕರೆದು ಇಟ್ಟಳು. ತಾನು ಹಾಸಿಗೆ ಹಿಡಿಯುವ ತನಕ ಅದನ್ನು ತಪ್ಪಿಸಲಿಲ್ಲ. ಬಾಗಿಲು ಹಾಕಿದ ಅಂಗಳದ ಬಗ್ಗೆಯೇ ಜನ ಬಾಯಿಗೆ ಬಂದದ್ದು ಹೇಳತೊಡಗಿದ್ದು. ಬಾಗಿಲು ತೆರೆದಿದ್ದದ್ದು ಆ ಮೊದಲ ಭಾನುವಾರ ಮಾತ್ರ.

ಅವತ್ತು ನೋಡಿದವರು ಮೂವರು. ನಾನೊಬ್ಬ. ಕೊಡ ಹೊತ್ತು ನಿಂತಿದ್ದ ನನ್ನ ತಂಗಿ ಒಬ್ಬಳು; ಹೊಸಪೇಟೆಯಲ್ಲಿದ್ದಾಳೆ, ಮೊಮ್ಮಕ್ಕಳಿದ್ದಾರೆ. ಪಕ್ಕದ ಮನೆಯವಳು ಈಗ ಮಲಪನಗುಡಿಯಲ್ಲಿ ಮಗಳ ಮನೆಯಲ್ಲಿದ್ದಾಳೆ. ಕಣ್ಣು ಮಂಜಾಗಿದೆ, ನೆನಪು ಮಂಜಾಗಿಲ್ಲ. ಹೋದ ವರ್ಷ ನೋಡಲು ಹೋದಾಗ, "ಬೊಗಳಿದಳು ಅಂತಾರಲ್ಲ ಯಕ್ಕಾ," ಎಂದೆ. "ಕೆಮ್ಮಿದಳು," ಅಂದಳು. "ಒಂದ ಸಲ."